ಕೊಂಕ್ ಚರ್ಚಿನ ಎರಡು ಅಂಕಣ: ಅಂಟಿಲ್ಲದೆ ಕಟ್ಟಿದ ಕಮಾನಿನ ಕೆಲಸದ ಟಿಪ್ಪಣಿ

ಫ್ರಾನ್ಸಿನ ಕೊಂಕ್ ಹಳ್ಳಿಯಲ್ಲಿರುವ ಸೇಂತ್ ಫುವಾ ಚರ್ಚಿನ ನಡುಸಾಲೆಯ, ಅಂದರೆ ನಡುವಿನ ಉದ್ದ ಹಜಾರದ, ಎರಡು ಅಂಕಣಗಳನ್ನು (ಕಂಬದಿಂದ ಕಂಬದವರೆಗಿನ ಭಾಗಗಳನ್ನು) 1:40 ಅಳತೆಯಲ್ಲಿ ಕಟ್ಟಬೇಕು. ಅಂಟು ಬೇಡ, ಗಾರೆ ಬೇಡ, ಒಳಗೆ ತಂತಿಯೂ ಬೇಡ. ಕಲ್ಲಿನ ಮೇಲೆ ಕಲ್ಲು ಕೂತು ತನ್ನ ಭಾರದಿಂದಲೇ ನಿಲ್ಲಬೇಕು. ಈ ಕೆಲಸಕ್ಕೆ ಹಾಕಿಕೊಂಡ ಶರತ್ತು ಇಷ್ಟೇ. ಇದರ ಹಿಂದೆ ಒಂದು ಪ್ರಶ್ನೆಯಿತ್ತು. ಆ ಚರ್ಚಿನ ನಡುಸಾಲೆಯ ಎರಡೂ ಬದಿಗಿರುವ ಪಕ್ಕಸಾಲೆಗಳ ಮೇಲೆ ಉದ್ದಕ್ಕೂ ಒಂದು ಉಪ್ಪರಿಗೆ ಇದೆ. ಯಾತ್ರಿಕರು ಹೆಚ್ಚಾದಾಗ ನಿಲ್ಲಲು ಮಾಡಿದ ಜಾಗ ಅದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಉಪ್ಪರಿಗೆಯನ್ನು ತೆಗೆದುಬಿಟ್ಟರೆ ಮೇಲಿನ ಛಾವಣಿ ನಿಲ್ಲುತ್ತದೆಯೇ ಎಂಬುದನ್ನು ಕೈಯಾರೆ ನೋಡಬೇಕಿತ್ತು.

ಸಣ್ಣ ಮಾದರಿಯಿಂದ ದೊಡ್ಡ ಕಟ್ಟಡದ ವಿಷಯ ಗೊತ್ತಾಗುತ್ತದೆಯೇ ಎಂದು ಕೇಳಬಹುದು. ಕಾಂಕ್ರೀಟ್ ತೊಲೆಯಾಗಿದ್ದರೆ ಗೊತ್ತಾಗುತ್ತಿರಲಿಲ್ಲ. ಕಲ್ಲಿನ ಕಮಾನಿನ ಮಾತು ಬೇರೆ. ಕಮಾನು ಬೀಳುವುದು ಕಲ್ಲು ಪುಡಿಯಾಗಿ ಅಲ್ಲ, ಕಲ್ಲುಗಳ ಸಂದು ಬಾಯಿಬಿಟ್ಟು, ಗೋಡೆ ಹೊರಕ್ಕೆ ವಾಲಿ. ಇಂಥ ಕಟ್ಟಡದಲ್ಲಿ ಕಲ್ಲು ತಡೆಯಬಲ್ಲ ಭಾರದ ತೀರಾ ಸಣ್ಣ ಪಾಲು ಮಾತ್ರ ಅದರ ಮೇಲಿರುತ್ತದೆ. ಹಾಗಾಗಿ ನಿಲ್ಲುವುದು, ಬೀಳುವುದು ಎರಡೂ ಆಕಾರದ ಅನುಪಾತಕ್ಕೆ ಬಿಟ್ಟದ್ದು. ಅನುಪಾತ ಸರಿಯಿದ್ದರೆ 22 ಮೀಟರ್ ಎತ್ತರದಲ್ಲಿ ನಿಲ್ಲುವ ಕಮಾನು 55 ಸೆಂಟಿಮೀಟರ್ ಎತ್ತರದಲ್ಲೂ ನಿಲ್ಲುತ್ತದೆ. ಎಂಜಿನಿಯರಿಂಗ್ ಲೆಕ್ಕಗಳು ಹುಟ್ಟುವ ಎಷ್ಟೋ ಶತಮಾನ ಮೊದಲೇ ಮೇಸ್ತ್ರಿಗಳು ಹಗ್ಗ ಮತ್ತು ಅಳತೆಕೋಲು ಹಿಡಿದು ಇಂಥವನ್ನು ಕಟ್ಟಲು ಸಾಧ್ಯವಾದದ್ದೂ ಇದರಿಂದಲೇ.

ಜಾಗದ ಪರಿಚಯ

ಕೊಂಕ್ ಇರುವುದು ದಕ್ಷಿಣ ಫ್ರಾನ್ಸಿನ ಆವೇರೋಂ ಜಿಲ್ಲೆಯಲ್ಲಿ, ದೂರ್ದೂ ಮತ್ತು ಊಶ್ ಹೊಳೆಗಳು ಕೂಡುವ ಕಣಿವೆಯ ಇಳಿಜಾರಿನಲ್ಲಿ. ಊರು ಚಿಕ್ಕದು, ಚರ್ಚು ಊರಿನ ಅಳತೆಗೆ ಮೀರಿದ್ದು. ಆಜೆನ್ ಪಟ್ಟಣದಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟಳೆಂದು ನಂಬುವ ಫುವಾ ಎಂಬ ಹುಡುಗಿಯ ಅಸ್ಥಿಯನ್ನು ಇಲ್ಲಿನ ಒಬ್ಬ ಸನ್ಯಾಸಿ 9ನೇ ಶತಮಾನದಲ್ಲಿ ಕದ್ದು ತಂದ. ಕದ್ದದ್ದನ್ನು ಮಠದವರು ಮುಚ್ಚಿಡಲಿಲ್ಲ, ಸಂತಳೇ ಇಲ್ಲಿಗೆ ಬರಲು ಬಯಸಿದಳು ಎಂದು ಬರೆದಿಟ್ಟರು. ಆಮೇಲೆ ಜನ ಬರತೊಡಗಿದರು. ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾಕ್ಕೆ ನಡೆದುಹೋಗುವ ಯಾತ್ರಿಕರ ದಾರಿಯಲ್ಲಿ ಇದೊಂದು ಮುಖ್ಯ ತಂಗುದಾಣವಾಯಿತು. ಬಂದವರಿಗೆ ಹಳೆಯ ಚರ್ಚು ಸಾಲದೆ ಹೋದಾಗ, 11ನೇ ಶತಮಾನದ ನಡುವಿನಲ್ಲಿ ಓದೋಲ್ರಿಕ್ ಎಂಬ ಮಠಾಧಿಪತಿಯ ಕಾಲದಲ್ಲಿ ಈಗಿನ ಕಟ್ಟಡ ಶುರುವಾಯಿತು. ಮುಗಿಯುವ ಹೊತ್ತಿಗೆ 12ನೇ ಶತಮಾನ ಬಂದಿತ್ತು.

ನಾನಿರುವ ತುಲೂಜ್‌ನ ಸೇಂ ಸರ್ನ್ಯಾಂ ಚರ್ಚು ಇದೇ ಕುಲದ್ದು. ಅದು 115 ಮೀಟರ್ ಉದ್ದದ, ಇಟ್ಟಿಗೆಯೇ ಹೆಚ್ಚಾಗಿರುವ, ಪಕ್ಕಕ್ಕೆ ಎರಡೆರಡು ಸಾಲೆಗಳ ದೊಡ್ಡ ಕಟ್ಟಡ. ಕೊಂಕ್ ಅದರ ಅರ್ಧದಷ್ಟು ಉದ್ದ, ಸುಮಾರು 56 ಮೀಟರ್. ಬೆಟ್ಟದ ಇಳಿಜಾರು ಅದಕ್ಕಿಂತ ಉದ್ದಕ್ಕೆ ಜಾಗ ಕೊಡಲಿಲ್ಲ. ಇದೇ ಯೋಜನೆಯ ಇನ್ನೆರಡು ಹಿರಿಯ ಚರ್ಚುಗಳು, ತೂರ್ ಮತ್ತು ಲಿಮೋಜ್ ನಗರಗಳವು, ಫ್ರೆಂಚ್ ಕ್ರಾಂತಿಯ ಕಾಲದಿಂದಾಚೆಗೆ ನೆಲಸಮವಾದವು. ಉಳಿದಿರುವ ಕೆಲವುಗಳಲ್ಲಿ ಚಿಕ್ಕದು, ಇಕ್ಕಟ್ಟಿನದು, ಕಣ್ಣಿಗೆ ಪೂರ್ತಿ ಸಿಗುವುದು ಕೊಂಕ್ ಎಂಬ ಕಾರಣಕ್ಕೇ ಇದನ್ನು ಆರಿಸಿಕೊಂಡೆ.

ಒಳಗೆ ಕಾಲಿಟ್ಟರೆ ಮೊದಲು ತಟ್ಟುವುದು ಎತ್ತರ. ನಡುಸಾಲೆಯ ಅಗಲ ಸುಮಾರು 7 ಮೀಟರ್, ಛಾವಣಿ 22 ಮೀಟರ್ ಮೇಲೆ. ಅಗಲದ ಮೂರು ಪಟ್ಟು ಎತ್ತರ. ಅಷ್ಟು ಎತ್ತರದಲ್ಲಿ ಮರದ ಛಾವಣಿಯಲ್ಲ, ಉದ್ದಕ್ಕೂ ಅರ್ಧವೃತ್ತದ ಕಲ್ಲಿನ ಕಮಾನು. ಇಂಥ ಕಮಾನು ಕೆಳಕ್ಕೆ ಒತ್ತುವುದಲ್ಲದೆ ಎರಡೂ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ, ಹಗಲೂ ರಾತ್ರಿ, ಸುಮಾರು 900 ವರ್ಷಗಳಿಂದ. ಗೋಡೆ ಎತ್ತರವಾದಷ್ಟೂ ಅದನ್ನು ಬೀಳಿಸುವುದು ಸುಲಭ.

ಅಳತೆ ಮತ್ತು ಅಚ್ಚು

1:40ರಲ್ಲಿ ನಡುಸಾಲೆಯ ಅಗಲ 17.5 ಸೆಂ.ಮೀ., ನೆತ್ತಿಯ ಎತ್ತರ 55 ಸೆಂ.ಮೀ., ಕಮಾನು ಹುಟ್ಟುವ ಮಟ್ಟ ನೆಲದಿಂದ 46 ಸೆಂ.ಮೀ. ಎರಡು ಅಂಕಣ ಸೇರಿ ಮಾದರಿಯ ಉದ್ದ 17.6 ಸೆಂ.ಮೀ. ಪಕ್ಕಸಾಲೆಗೆ 8 ಸೆಂ.ಮೀ. ಅಗಲ ಕೊಟ್ಟೆ. ನಡುಸಾಲೆಯ ಗೋಡೆ 3.5 ಸೆಂ.ಮೀ. ದಪ್ಪ, ಹೊರಗೋಡೆ 4.5.

ಕಮಾನಿನ ದಪ್ಪ ಎಷ್ಟಿರಬೇಕು ಎಂಬುದಕ್ಕೆ ಒಂದು ಹಳೆಯ ಲೆಕ್ಕ ಸಹಾಯಕ್ಕೆ ಬರುತ್ತದೆ. ಒಂದೇ ದಪ್ಪದ ಅರ್ಧವೃತ್ತದ ಕಮಾನು ತನ್ನ ಭಾರ ತಾನು ಹೊತ್ತು ನಿಲ್ಲಬೇಕಾದರೆ ಅದರ ದಪ್ಪ ನಡುತ್ರಿಜ್ಯದ (ಒಳ, ಹೊರ ತ್ರಿಜ್ಯಗಳ ಸರಾಸರಿಯ) ಶೇ. 10.7ರಷ್ಟಾದರೂ ಇರಬೇಕು. ಅದಕ್ಕಿಂತ ತೆಳುವಾದರೆ ಬುಡವನ್ನು ಎಷ್ಟು ಗಟ್ಟಿ ಹಿಡಿದರೂ ಬೀಳುತ್ತದೆ. ನನ್ನ ಮಾದರಿಯಲ್ಲಿ 14 ಮಿ.ಮೀ. ಇಟ್ಟುಕೊಂಡೆ. ಅದು ಶೇ. 15ರ ಹತ್ತಿರ ಬರುತ್ತದೆ. ಬುಡ ಅಲ್ಲಾಡದಿದ್ದರೆ ಧಾರಾಳ, ಅಲ್ಲಾಡಿದರೆ ಗೊತ್ತಾಗುವಷ್ಟು ಬಿಗಿ.

ಅರ್ಧವೃತ್ತವನ್ನು 15 ವರಸೆಗಳಾಗಿ, ಅಂದರೆ ಕಲ್ಲಿನ ಸಾಲುಗಳಾಗಿ, ಭಾಗ ಮಾಡಿದರೆ ಒಂದೊಂದು ಕಮಾನುಕಲ್ಲಿಗೆ 12 ಡಿಗ್ರಿ. ಒಳಮುಖ 18.3 ಮಿ.ಮೀ., ಹೊರಮುಖ 21.2 ಮಿ.ಮೀ., ಉದ್ದ 44 ಮಿ.ಮೀ. ವರಸೆ ಬಿಟ್ಟು ವರಸೆಗೆ ಸಂದುಗಳು ಒಂದರ ಮೇಲೊಂದು ಬಾರದಂತೆ ತಪ್ಪಿಸಬೇಕು. ಅದಕ್ಕಾಗಿ 53 ಪೂರಾ ಕಲ್ಲು, 14 ಅರ್ಧ ಕಲ್ಲು ಬೇಕಾದವು. ಬೆಸಸಂಖ್ಯೆಯ ವರಸೆಗಳನ್ನೇ ಆರಿಸಿದ್ದು ನೆತ್ತಿಯಲ್ಲಿ ಸಂದು ಬೀಳದೆ ಕಲ್ಲೇ ಕೂರಲಿ ಎಂದು.

ಮಾದರಿಯ ಕಲ್ಲುಗಳನ್ನು ಎರಕ ಹೊಯ್ದ ಮಿಶ್ರಣ ಇದು: ಪ್ಲಾಸ್ಟರ್ ಆಫ್ ಪ್ಯಾರಿಸ್ ಎರಡು ಭಾಗ, ಸುಣ್ಣಕಲ್ಲಿನ ನುಣ್ಣನೆ ಪುಡಿ ಒಂದು ಭಾಗ, ಚೂರು ಹಳದಿ ಬಣ್ಣದ ಪುಡಿ. ಹಳದಿ ಯಾಕೆಂದರೆ ಕೊಂಕ್‌ನ ಮುಖ್ಯ ಕಲ್ಲು ಹತ್ತಿರದ ಲ್ಯೂನೆಲ್ ಎಂಬ ಊರಿನಿಂದ ತಂದ ಹಳದಿ ಸುಣ್ಣಕಲ್ಲು. ಅದರ ಜೊತೆ ಕೆಂಪು ಮರಳುಗಲ್ಲು, ಅಲ್ಲೇ ಬೆಟ್ಟದಲ್ಲಿ ಸಿಗುವ ಬೂದು ಪದರಗಲ್ಲು ಸೇರಿಕೊಂಡಿವೆ. ಕೆತ್ತನೆಗೆ ಒಗ್ಗುವ ಹಳದಿ ಕಲ್ಲು ಮುಖ್ಯ ಜಾಗಗಳಿಗೆ, ಒಡೆದರೆ ಚಪ್ಪಡಿಯಾಗುವ ಪದರಗಲ್ಲು ತುಂಬುಗೋಡೆಗೆ. ದೂರದಿಂದ ಕಲ್ಲು ಹೇರಿಕೊಂಡು ಬರುವ ಕಷ್ಟ ಗೊತ್ತಿದ್ದವರು ಮಾಡಿದ ಹಂಚಿಕೆ ಇದು.

ಅಚ್ಚು ಪ್ಲೈವುಡ್‌ನದು. ಒಳಗೆ ವಾರ್ನಿಷ್ ಬಳಿದು, ಪ್ರತಿ ಸಲ ಸುರಿಯುವ ಮೊದಲು ಸೋಪಿನ ನೀರು ಸವರಿದರೆ ಕಲ್ಲು ಸಲೀಸಾಗಿ ಬಿಡುತ್ತದೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಒಂದಿಷ್ಟು ಹಿಗ್ಗುತ್ತದೆ, ಒಂದು ಕಲ್ಲಿನಲ್ಲಿ ಕಾಣದ ಆ ಹಿಗ್ಗು 15 ವರಸೆ ಸೇರಿದಾಗ ಕಮಾನನ್ನೇ ಕೆಡಿಸುತ್ತದೆ. ಅದಕ್ಕಾಗಿ ದಪ್ಪ ಗಾಜಿನ ಮೇಲೆ ಉಪ್ಪು ಕಾಗದ ಅಂಟಿಸಿ, ಪಕ್ಕದಲ್ಲಿ ಕಲ್ಲನ್ನು ಒಂದೇ ಕೋನದಲ್ಲಿ ಹಿಡಿಯಲು 6 ಡಿಗ್ರಿ ಓರೆಯ ಮರದ ಜಿಗ್ ಕಟ್ಟಿ, ಒಂದೊಂದು ಕಲ್ಲಿನ ಎರಡೂ ಮುಖಗಳನ್ನು ಉಜ್ಜಿದೆ. 120ನೇ ನಂಬರಿನ ಕಾಗದಕ್ಕೇ ನಿಲ್ಲಿಸಬೇಕು. ಇನ್ನೂ ನುಣುಪು ಮಾಡಿದರೆ ಕಲ್ಲುಗಳ ನಡುವಿನ ಹಿಡಿತ ಹೋಗುತ್ತದೆ.

ಕಂಬ, ಗೋಡೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವೂ ಅದೇ ಮಿಶ್ರಣದ ಇಟ್ಟಿಗೆಗಳು, ತೂಗುಗುಂಡು ಬಿಟ್ಟು ವರಸೆ ವರಸೆಯಾಗಿ ಏರಿಸಿದ್ದು. ಕೆಳಗೆ 18 ಮಿ.ಮೀ. ಪ್ಲೈವುಡ್ ಹಲಗೆ, ರಸಮಟ್ಟ ಇಟ್ಟು ಸರಿಮಾಡಿದ್ದು. ಕೆಳಗಿನ ಪಕ್ಕಸಾಲೆಯ ಛಾವಣಿಯನ್ನು ಸದ್ಯಕ್ಕೆ ಮರದಲ್ಲಿ ಮಾಡಿ ಕೂರಿಸಿದ್ದೇನೆ.

ಉಪ್ಪರಿಗೆಯ ಕಮಾನು

ಇಡೀ ಕಟ್ಟಡದ ಗುಟ್ಟು ಇಲ್ಲಿದೆ. ಉಪ್ಪರಿಗೆಯ ಮೇಲಿನ ಛಾವಣಿ ಅರ್ಧವೃತ್ತವಲ್ಲ, ಕಾಲುವೃತ್ತ. ಹೊರಗೋಡೆಯ ತಲೆಯಿಂದ ಹುಟ್ಟಿ, ಬಾಗುತ್ತ ಮೇಲೇರಿ, ನಡುಸಾಲೆಯ ಗೋಡೆಗೆ ಬಂದು ತಾಗುತ್ತದೆ. ತಾಗುವ ಜಾಗ ಮುಖ್ಯ ಕಮಾನು ಹುಟ್ಟುವ ಮಟ್ಟದ ಆಸುಪಾಸು. ವಾಲುವ ಗೋಡೆಗೆ ಹೆಗಲು ಕೊಟ್ಟು ನಿಂತ ಆಳಿನ ಹಾಗೆ.

ನನ್ನ ಮಾದರಿಯಲ್ಲಿ ಇದರ ತ್ರಿಜ್ಯ 8 ಸೆಂ.ಮೀ., ದಪ್ಪ 12 ಮಿ.ಮೀ., 15 ಡಿಗ್ರಿಯ 6 ವರಸೆ. ಹುಟ್ಟುವುದು 36 ಸೆಂ.ಮೀ. ಎತ್ತರದಲ್ಲಿ, ಗೋಡೆಗೆ ತಾಗುವುದು 44ರಲ್ಲಿ. ಕಾಲುಕಮಾನು ತಾನಾಗಿ ನಿಲ್ಲುವ ವಸ್ತುವಲ್ಲ. ಅದರ ನೆತ್ತಿಗೆ ಒರಗಲು ಏನಾದರೂ ಬೇಕು. ಅಂದರೆ ಅದೂ ನಡುಸಾಲೆಯ ಗೋಡೆಯನ್ನು ತಳ್ಳುತ್ತದೆ, ಒಳಮುಖವಾಗಿ. ಮುಖ್ಯ ಕಮಾನು ಹೊರಕ್ಕೆ, ಇದು ಒಳಕ್ಕೆ. ನಡುವಿನ ಗೋಡೆ ಎರಡು ತಳ್ಳುಗಳ ಮಧ್ಯೆ ನೆಟ್ಟಗೆ ನಿಲ್ಲುತ್ತದೆ.

ಹಾಗಾಗಿ ಕಟ್ಟುವ ಕ್ರಮವೇ ಒಂದು ಸಮಸ್ಯೆ. ಉಪ್ಪರಿಗೆಯ ಕಮಾನು ಮೊದಲು ಮುಗಿಸಿ ಅದರ ಸೆಂಟ್ರಿಂಗ್ (ಕಟ್ಟುವಾಗ ಕಮಾನನ್ನು ಕೆಳಗಿನಿಂದ ಹೊರುವ ಮರದ ಅಚ್ಚು) ಇಳಿಸಿದರೆ ಗೋಡೆ ಒಳಕ್ಕೆ ಬೀಳುತ್ತದೆ, ಮುಖ್ಯ ಕಮಾನು ಮೊದಲು ಇಳಿಸಿದರೆ ಹೊರಕ್ಕೆ. ನನ್ನ ಮೇಜಿನ ಮೇಲೆ ಕೆಲಸ ಸಾಗಿದ ಕ್ರಮ ಹೀಗೆ: ಮುಖ್ಯ ಸಾಲೆಯ ಸೆಂಟ್ರಿಂಗನ್ನು ಎರಡು ಗೋಡೆಗಳ ನಡುವೆ ಬಿಗಿಯಾಗಿ ಕೂರಿಸಿದೆ. ಅದು ಕಮಾನಿಗೆ ಅಚ್ಚೂ ಹೌದು, ಗೋಡೆಗಳಿಗೆ ಅಡ್ಡಗಟ್ಟೂ ಹೌದು. ಆಮೇಲೆ ಎರಡು ಪಕ್ಕದ ಕಾಲುಕಮಾನುಗಳು, ಕೊನೆಗೆ ಮುಖ್ಯ ಕಮಾನು, ಎರಡೂ ಬುಡಗಳಿಂದ ಸಮಸಮವಾಗಿ ನೆತ್ತಿಯವರೆಗೆ. ಕಮಾನಿನ ಹೆಗಲುಗಳ, ಅಂದರೆ ಬುಡಕ್ಕೂ ನೆತ್ತಿಗೂ ನಡುವಿನ ಬಾಗುಗಳ, ಹಿಂದಿನ ಸಂದಿಯಲ್ಲಿ ಸಣ್ಣ ಜಲ್ಲಿ ತುಂಬಿದೆ.

ಸೆಂಟ್ರಿಂಗ್ ಇಳಿಸುವುದು

ಮೂರೂ ಸೆಂಟ್ರಿಂಗ್‌ಗಳ ಕೆಳಗೆ ಎದುರುಬದುರಾಗಿ ಜೋಡಿಸಿದ ಬೆಣೆಗಳಿವೆ. ಬೆಣೆಯ ತುದಿಗೆ ಚಿಕ್ಕ ಮರದ ಸುತ್ತಿಗೆಯಿಂದ ತಟ್ಟಿದರೆ ಜಾರಿ, ಸೆಂಟ್ರಿಂಗ್ ಕೂದಲೆಳೆಯಷ್ಟು ಇಳಿಯುತ್ತದೆ. ಪಕ್ಕದ್ದಕ್ಕೆ ಒಂದು ತಟ್ಟು, ಇನ್ನೊಂದು ಪಕ್ಕದ್ದಕ್ಕೆ ಒಂದು, ನಡುವಿನದಕ್ಕೆ ಒಂದು. ಮತ್ತೆ ಮೊದಲಿನಿಂದ. ಹೀಗೆ ಸುತ್ತು ಹಾಕುತ್ತಿರುವಾಗ ಒಂದು ಹಂತದಲ್ಲಿ ಸುತ್ತಿಗೆಯ ಸದ್ದೇ ಬದಲಾಗುತ್ತದೆ, ಭಾರ ಹೊತ್ತ ಮರದ ಗಟ್ಟಿ ಸದ್ದು ಹೋಗಿ ಟೊಳ್ಳು ಸದ್ದು ಬರುತ್ತದೆ. ಕಮಾನು ಮರವನ್ನು ಬಿಟ್ಟು ತನ್ನ ಕಾಲ ಮೇಲೆ ನಿಂತಿತು ಎಂದು ಅರ್ಥ.

ಆಗ ಹತ್ತಿರದಿಂದ ನೋಡಬೇಕಾದದ್ದು ಸಂದುಗಳನ್ನು. ತೆಳು ಕಾಗದದ ಪಟ್ಟಿಯೊಂದನ್ನು ಹಿಡಿದು ಒಂದೊಂದು ಸಂದಿಗೂ ತೂರಿಸಲು ನೋಡಿದೆ. ನೆತ್ತಿಯ ಕಲ್ಲಿನ ಪಕ್ಕದ ಸಂದಿನಲ್ಲಿ ಅದು ಕೆಳಗಿನಿಂದ ಸುಲಭವಾಗಿ ಒಳಹೋಯಿತು, ಮೇಲಿನಿಂದ ಹೋಗಲಿಲ್ಲ. ಹೆಗಲಿನ ಸಂದುಗಳಲ್ಲಿ ಉಲ್ಟಾ, ಮೇಲಿನಿಂದ ಹೋಯಿತು, ಕೆಳಗೆ ಬಿಗಿ. ಉಳಿದ ಕಡೆ ಎಲ್ಲೂ ಹೋಗಲಿಲ್ಲ. ಗೋಡೆಗಳು ತುಸು ಹೊರಸರಿದಿವೆ, ಕಮಾನು ಆ ಅಂತರಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಂಡಿದೆ ಎಂದು ಈ ಬಿರುಕುಗಳು ಹೇಳುತ್ತವೆ. ಹಳೆಯ ಚರ್ಚುಗಳ ಕಮಾನಿನ ನೆತ್ತಿಯಲ್ಲಿ ಉದ್ದಕ್ಕೂ ಓಡುವ ಬಿರುಕು ಕಂಡರೆ ಜನ ಹೆದರುತ್ತಾರೆ. ಅದು ಅಪಾಯದ ಗುರುತೇ ಆಗಬೇಕಿಲ್ಲ. ಕಲ್ಲಿನ ಕಮಾನು ಬದುಕುವ ರೀತಿ ಅದು. ಬಿರುಕು ಬೆಳೆಯುತ್ತಿದೆಯೇ ಇಲ್ಲವೇ ಎಂಬುದು ಮುಖ್ಯ.

ಉಪ್ಪರಿಗೆ ಇಲ್ಲದಿದ್ದರೆ

ಇನ್ನು ಅಸಲಿ ಪರೀಕ್ಷೆ. ಮುಖ್ಯ ಸೆಂಟ್ರಿಂಗನ್ನು ಕಮಾನಿಗಿಂತ 10 ಮಿ.ಮೀ. ಕೆಳಗೇ ಉಳಿಸಿಕೊಂಡೆ, ಬಿದ್ದರೆ ಹಿಡಿಯಲಿ ಎಂದು. ಎರಡೂ ಕಡೆಯ ಗೋಡೆತಲೆಗೆ ಹೊರಗಿನಿಂದ ಚಿಕ್ಕ ಮರದ ಪಟ್ಟಿ ಆನಿಸಿ, ಅದಕ್ಕೆ ದಾರ ಕಟ್ಟಿ, ದಾರವನ್ನು ಎದುರು ಬದಿಗೆ ಒಯ್ದು ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿದೆ. ದಾರ ಬಿಗಿಯಾದ ಮೇಲೆ ಕಾಲುಕಮಾನುಗಳನ್ನು ಒಂದೊಂದೇ ಕಲ್ಲಾಗಿ ಬಿಚ್ಚಿದೆ. ಈಗ ಗೋಡೆಯನ್ನು ಹಿಡಿದಿರುವುದು ದಾರ ಮಾತ್ರ.

ಜಲ್ಲಿ ಬಿಟ್ಟು ಮುಖ್ಯ ಕಮಾನಿನ ತೂಕ 1 ಕೆಜಿ 100 ಗ್ರಾಂ ಹತ್ತಿರ. ಅದು ಪ್ರತಿ ಬದಿಗೂ ತನ್ನ ತೂಕದ ಐದರಲ್ಲೊಂದು ಪಾಲಿನಷ್ಟು ತಳ್ಳುತ್ತದೆ ಎಂದು ಲೆಕ್ಕ ಹೇಳುತ್ತದೆ. ತಕ್ಕಡಿಯ ಮುಳ್ಳು 200 ಗ್ರಾಮಿನ ಆಸುಪಾಸಿನಲ್ಲಿ ನಿಂತಿತ್ತು. ಕೇಳಲು ಕಡಿಮೆ ಎನಿಸಬಹುದು. ಆದರೆ ಅದು ತಳ್ಳುತ್ತಿರುವುದು 46 ಸೆಂ.ಮೀ. ಎತ್ತರದಲ್ಲಿ, ಗೋಡೆಯ ಬುಡ ಬರೀ 3.5 ಸೆಂ.ಮೀ. ಅದರಲ್ಲೂ ಕೆಳಗೆ ಕಮಾನಿನ ಬಾಗಿಲು, ಮೇಲೆ ಉಪ್ಪರಿಗೆಯ ಜೋಡಿ ಕಿಂಡಿಗಳು ಸೇರಿ ಗೋಡೆಯ ಅರ್ಧದಷ್ಟು ಖಾಲಿ. ದಾರವನ್ನು ನಿಧಾನವಾಗಿ ಸಡಿಲಿಸುತ್ತ ಹೋದಂತೆ ನೆತ್ತಿಯ ಸಂದು ಬಾಯಿಬಿಡುತ್ತ ಬಂತು. ತಕ್ಕಡಿ ಅರ್ಧಕ್ಕೆ ಇಳಿಯುವ ಮೊದಲೇ ಎರಡೂ ಗೋಡೆಗಳು ಹೊರಕ್ಕೆ ವಾಲಿ, ಕಮಾನು ಸೆಂಟ್ರಿಂಗ್ ಮೇಲೆ ಕುಸಿದು ಕೂತಿತು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಉಪ್ಪರಿಗೆಯಲ್ಲಿ ಜನ ನಿಂತಿರಬಹುದು, ಹಾಡಿರಬಹುದು, ಮಲಗಿರಲೂಬಹುದು. ಆದರೆ ಜನರಿಗಾಗಿ ಕಟ್ಟಿದ ಮಹಡಿಯೊಂದು ಅಕಸ್ಮಾತ್ತಾಗಿ ಆಸರೆಯಾಯಿತು ಎಂದು ನಾನು ಒಪ್ಪುವುದಿಲ್ಲ. ಆಸರೆಯೇ ಮೊದಲು. ಕಮಾನಿನ ಕೆಳಗೆ ಹೇಗೂ ಜಾಗ ಉಳಿಯಿತು, ಅದಕ್ಕೆ ನೆಲ ಹಾಕಿದರು. ಯಾತ್ರಿಕರು ನಡುಸಾಲೆಯ ಪೂಜೆಗೆ ಅಡ್ಡಿಯಾಗದೆ ಪಕ್ಕದಿಂದಲೇ ಹೋಗಿ, ಬಲಿಪೀಠದ ಹಿಂದೆ ಸುತ್ತು ಹಾಕಿ, ಸಂತಳ ಅಸ್ಥಿಗೆ ಕೈಮುಗಿದು ಹೊರಬರುವ ಪಕ್ಕಸಾಲೆಯ ಓಣಿಯೂ ಇದೇ ಆಸರೆಯ ಬುಡ. ನಡೆಯುವ ದಾರಿ, ಭಾರ ಇಳಿಯುವ ದಾರಿ ಎರಡನ್ನೂ ಒಂದೇ ನಕ್ಷೆಯಲ್ಲಿ ಕೂರಿಸಿದವರ ಬುದ್ಧಿಗೆ ನಾನು ತಲೆಬಾಗುತ್ತೇನೆ.

ಬೆಳಕು

ಆ ಜಾಣತನಕ್ಕೆ ಒಂದು ಬೆಲೆಯಿದೆ. ನಡುಸಾಲೆಯ ಗೋಡೆಗೆ ಉಪ್ಪರಿಗೆ ಅಂಟಿಕೊಂಡಿರುವುದರಿಂದ ಅಲ್ಲಿ ಮೇಲುಕಿಟಕಿಗೆ ಜಾಗವೇ ಇಲ್ಲ. ಬೆಳಕು ಬರುವುದು ಪಕ್ಕಸಾಲೆಯ, ಉಪ್ಪರಿಗೆಯ ಹೊರಗೋಡೆಗಳಿಂದ, ಇನ್ನೊಂದು ಜಾಗ ದಾಟಿಕೊಂಡು. ಹಾಗಾಗಿ ಆ ಕಿಟಕಿಗಳಲ್ಲಿ ಯಾವ ಗಾಜು ಇದೆ ಎಂಬುದು ಇಲ್ಲಿ ಬೇರೆಲ್ಲ ಕಡೆಗಿಂತ ಮುಖ್ಯವಾಗುತ್ತದೆ.

20ನೇ ಶತಮಾನದ ನಡುವಿನಲ್ಲಿ ಕೂರಿಸಿದ್ದ ಬಣ್ಣದ ಚಿತ್ರಗಾಜುಗಳನ್ನು ತೆಗೆದು, 1987ರಿಂದ 1994ರ ನಡುವೆ ಚಿತ್ರಕಾರ ಪಿಯೆರ್ ಸೂಲಾಜ್ ಇಲ್ಲಿನ 104 ಕಿಂಡಿಗಳಿಗೂ ಹೊಸ ಗಾಜು ಮಾಡಿದರು. ಅವರು 1919ರಲ್ಲಿ ಹುಟ್ಟಿದ್ದು ಹತ್ತಿರದ ರೊದೆಜ್‌ನಲ್ಲಿ. ಹುಡುಗನಾಗಿ ಶಾಲೆಯವರ ಜೊತೆ ಈ ಚರ್ಚಿಗೆ ಬಂದಾಗಲೇ ಕಲೆಯೇ ತನ್ನ ಬದುಕು ಎಂದು ತೀರ್ಮಾನಿಸಿದ್ದಾಗಿ ಹೇಳುತ್ತಿದ್ದರು. ತುಲೂಜ್‌ನ ಗಾಜುಕಲಾವಿದ ಜಾನ್ ದೊಮಿನಿಕ್ ಫ್ಲರಿ ಅವರ ಜೊತೆ ಕೂತು, ಗಾಜಿನ ಕಣಗಳನ್ನು ಬೆಸೆದು ಒಂದು ಗಾಜು ಮಾಡಿದರು. ಬಣ್ಣವಿಲ್ಲ, ಚಿತ್ರವಿಲ್ಲ, ಆಚೆಗಿನದು ಕಾಣುವುದಿಲ್ಲ, ಆದರೆ ಬೆಳಕು ಒಳಬರುತ್ತದೆ. ಕಣ ಎಲ್ಲಿ ದಪ್ಪ, ಎಲ್ಲಿ ಸಣ್ಣ ಎಂಬುದರ ಮೇಲೆ ಒಂದೇ ಕಿಟಕಿಯೊಳಗೆ ಬೆಳಕಿನ ಹದ ಬದಲಾಗುತ್ತದೆ. ಮೇಲೆ ಬಾಗಿ ಹರಿಯುವ ಸೀಸದ ಕಪ್ಪು ಗೆರೆಗಳಷ್ಟೇ. ಬದಲಾವಣೆಗೆ ಊರಿನಲ್ಲಿ ವಿರೋಧವೂ ಇತ್ತು. ನನ್ನ ಮಟ್ಟಿಗೆ ಸೂಲಾಜ್ ಮಾಡಿದ್ದು ಕಟ್ಟಡದ ಸ್ವಭಾವಕ್ಕೆ ಕೊಟ್ಟ ಸರಿಯಾದ ಉತ್ತರ, ಅದಕ್ಕೆ ಕಾರಣವನ್ನೂ ಮಾದರಿಯಲ್ಲೇ ಕಂಡೆ.

ಮತ್ತೆ ಎಲ್ಲವನ್ನೂ ಜೋಡಿಸಿ, ಎರಡು ತುದಿಗೂ ಕಪ್ಪು ರಟ್ಟು ಮುಚ್ಚಿ, ಹೊರಗೆ ಒಂದು ದೀಪ ಹಚ್ಚಿಟ್ಟೆ. ಉಪ್ಪರಿಗೆಯ ಕಿಟಕಿಗಳಿಗೆ ಮೊದಲು ಪಾರದರ್ಶಕ ಅಕ್ರಿಲಿಕ್ ಹಾಕಿದರೆ ಬೆಳಕು ನೇರವಾಗಿ ನುಗ್ಗಿ, ಉಪ್ಪರಿಗೆಯ ನೆಲದ ಮೇಲೆ ಒಂದು ಚೂಪು ಪಟ್ಟಿ, ಎದುರು ಕಂಬದ ಮೇಲೆ ಇನ್ನೊಂದು. ಮುಖ್ಯ ಕಮಾನು ಕತ್ತಲಲ್ಲೇ ಉಳಿಯಿತು. ಅದೇ ಅಕ್ರಿಲಿಕ್ಕನ್ನು ಎರಡೂ ಬದಿ ಉಪ್ಪು ಕಾಗದದಿಂದ ಉಜ್ಜಿ ಮಂಜು ಮಾಡಿ ಹಾಕಿದೆ. ಕಿಟಕಿಯೇ ದೀಪವಾಯಿತು. ಬೆಳಕು ಎಲ್ಲ ದಿಕ್ಕಿಗೂ ಹರಡಿ, ಉಪ್ಪರಿಗೆಯ ಕಾಲುಕಮಾನಿನ ಒಳಮೈಗೆ ಬಡಿದು, ಜೋಡಿ ಕಿಂಡಿಗಳ ಮೂಲಕ ಹಾದು, ಮುಖ್ಯ ಕಮಾನಿನ ಎದುರು ಹೆಗಲಿನವರೆಗೂ ತಲುಪಿತು. ಭಾರಕ್ಕೆ ಹೆಗಲು ಕೊಟ್ಟ ಆ ಬಾಗಿದ ಮೇಲ್ಮೈಯೇ ಬೆಳಕನ್ನೂ ಒಳಕ್ಕೆ ತಿರುಗಿಸುತ್ತಿದೆ.

ಉಳಿದದ್ದು ಹೇಗೆ ಉಳಿಯಿತು

ಕಲ್ಲು ತಾನಾಗಿ ನಿಂತರೂ, ಜನ ಬಿಟ್ಟುಕೊಟ್ಟರೆ ಉಳಿಯುವುದಿಲ್ಲ. ಕ್ರಾಂತಿಯ ಹೊತ್ತಿನಲ್ಲಿ ಸರ್ಕಾರದವರು ಚಿನ್ನ ಕರಗಿಸಲು ಬರುತ್ತಾರೆಂದು ತಿಳಿದ ಊರವರು ಚರ್ಚಿನ ನಿಧಿಯನ್ನು ಹಂಚಿಕೊಂಡು, ತೋಟಗಳಲ್ಲಿ, ಚೆಸ್ಟ್‌ನಟ್ ಒಣಗಿಸುವ ಗುಡಿಸಲುಗಳಲ್ಲಿ ಬಚ್ಚಿಟ್ಟರು. ಮರದ ತಿರುಳಿಗೆ ಚಿನ್ನದ ತಗಡು ಹೊದಿಸಿ ರತ್ನ ಕೂರಿಸಿದ ಸಂತ ಫುವಾಳ ಮೂರ್ತಿ ಇವತ್ತಿಗೂ ಅದೇ ಊರಿನಲ್ಲಿದೆ. ಮಠದ ಪಕ್ಕದ ಅಂಗಳಕ್ಕೆ ಆ ಭಾಗ್ಯ ಇರಲಿಲ್ಲ. 19ನೇ ಶತಮಾನದ ಆರಂಭದಲ್ಲಿ ಅದರ ಕಲ್ಲುಗಳನ್ನು ಮನೆ ಕಟ್ಟಲು ಕಿತ್ತೊಯ್ದರು.

1837ರಲ್ಲಿ ಐತಿಹಾಸಿಕ ಸ್ಮಾರಕಗಳ ಇನ್‌ಸ್ಪೆಕ್ಟರ್ ಆಗಿದ್ದ ಸಾಹಿತಿ ಪ್ರೊಸ್ಪೆರ್ ಮೆರಿಮೆ ಇಲ್ಲಿಗೆ ಬಂದರು. ಇಂಥ ಮೂಲೆಯಲ್ಲಿ ಇಂಥ ಕಟ್ಟಡವೇ ಎಂದು ಬೆರಗಾಗಿ ಬರೆದ ವರದಿಯಿಂದ, 1840ರ ಮೊದಲ ಸಂರಕ್ಷಿತ ಪಟ್ಟಿಯಲ್ಲಿ ಕೊಂಕ್ ಸೇರಿತು. ನಡುವಿನ ಎಂಟುಮೂಲೆಯ ಗೋಪುರ ಮೂಲದ್ದಲ್ಲ, ಹಳೆಯ ಗುಮ್ಮಟ ಕುಸಿದ ಮೇಲೆ ಕಟ್ಟಿದ್ದು. ಮುಂಬದಿಯ ಎರಡು ಗೋಪುರಗಳ ಈಗಿನ ರೂಪ 19ನೇ ಶತಮಾನದ ಜೀರ್ಣೋದ್ಧಾರದ್ದು. 1905ರ ಕಾನೂನಿನ ನಂತರ ಫ್ರಾನ್ಸಿನ ಹಳ್ಳಿ ಚರ್ಚುಗಳ ಕಟ್ಟಡ ಊರಿನ ಆಡಳಿತದ ಆಸ್ತಿ, ಪೂಜೆ ಪಾದ್ರಿಗಳದು. ಸೋರುವ ಮಾಡು ಯಾರ ಖರ್ಚು ಎಂಬ ಪ್ರಶ್ನೆಯನ್ನು ಎಷ್ಟೋ ಸಣ್ಣ ಊರುಗಳು ಈಗಲೂ ಎದುರಿಸುತ್ತಿವೆ. ಮಾಡು ಸೋರಿದರೆ ಮೊದಲು ಹೋಗುವುದು ಕಮಾನಿನ ಹೆಗಲ ಹಿಂದಿನ ಗಾರೆ. ಅದು ತೊಳೆದುಹೋದರೆ ಸಂದುಗಳ ಬಿರುಕು ಬೆಳೆಯತೊಡಗುತ್ತದೆ.

ಪಶ್ಚಿಮ ಬಾಗಿಲ ಮೇಲಿನ ಕೆತ್ತನೆಯನ್ನು ನಾನು ಮಾದರಿಗೆ ತರುತ್ತಿಲ್ಲ. ಅಂತಿಮ ತೀರ್ಪಿನ ಆ ಕಲ್ಲಿನಲ್ಲಿ 124 ಆಕೃತಿಗಳಿವೆ. ಹೋಗುವವರು ಅಂಚಿನ ಪಟ್ಟಿಯನ್ನು ತಪ್ಪದೆ ನೋಡಿ. ಸುರುಳಿಯ ಹಿಂದಿನಿಂದ, ಬೆರಳುಗಳಿಂದ ಅಂಚು ಹಿಡಿದು, ಮೂಗಿನವರೆಗೆ ಮಾತ್ರ ತಲೆ ಎತ್ತಿ ಇಣುಕುವ ಪುಟ್ಟ ಮುಖಗಳಿವೆ ಅಲ್ಲಿ.

ಮುಂದಿನ ಹಂತ

ಈಗ ಮರದಲ್ಲಿರುವ ಪಕ್ಕಸಾಲೆಯ ಛಾವಣಿಯನ್ನು ಕಲ್ಲಿಗೆ ತರಬೇಕು. ಅಲ್ಲಿರುವುದು ಎರಡು ಕಮಾನುಗಳು ಅಡ್ಡಡ್ಡ ಹಾದು, ಕರ್ಣರೇಖೆಯಲ್ಲಿ ಏಣು ಮೂಡುವ ಛಾವಣಿ. ಏಣಿನ ಕಲ್ಲುಗಳಲ್ಲಿ ಒಂದು ವರಸೆಯದು ಇನ್ನೊಂದರ ಹಾಗಿಲ್ಲ, ಒಂದೇ ಅಚ್ಚಿನಲ್ಲಿ ಎಲ್ಲ ಎರಕ ಹೊಯ್ಯಲಾಗದು. ಅಂಕಣವೊಂದರ ನಾಲ್ಕು ಮೂಲೆಗಳು ಎದುರುಬದುರು ಕನ್ನಡಿಬಿಂಬಗಳಾದ್ದರಿಂದ ಎಡದ್ದೊಂದು, ಬಲದ್ದೊಂದು ಎಂದು ಜೋಡಿ ಅಚ್ಚು ಮಾಡಿದರೆ ಸಾಕು. ರಟ್ಟಿನಲ್ಲಿ ಕತ್ತರಿಸಿದ ಮಾದರಿಗಳು ಸಿದ್ಧವಾಗಿವೆ, ಬುಡದ ಮೂರು ವರಸೆಯ ಅಚ್ಚುಗಳಿಗೆ ವಾರ್ನಿಷ್ ಒಣಗುತ್ತಿದೆ. ಇದನ್ನು ಕೂರಿಸುವಾಗ ಮೇಲಿನದೆಲ್ಲವನ್ನೂ ಬಿಚ್ಚಬೇಕು, ಹಾಗಾಗಿ ಪ್ರತಿ ಕಲ್ಲಿನ ಹೊರಮುಖದಲ್ಲಿ ಪೆನ್ಸಿಲ್‌ನಿಂದ ವರಸೆ ಮತ್ತು ಜಾಗದ ಸಂಖ್ಯೆ ಬರೆಯುವ ಕೆಲಸ ಮೊದಲು.